ಕೈಯೂರದೆ ಏಳುವ ಬಲ



ಹೋದ ಮಾಘ ಮಾಸದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ನೆಲದ ಮೇಲೆ ಪಂಕ್ತಿ ಹಾಕಿ ಎಲೆಯಲ್ಲಿ ಬಡಿಸಿದ್ದರು. ಎಲ್ಲೆಲ್ಲೂ ಟೇಬಲ್ಲಿನ ಊಟವೇ ಆಗಿರುವ ಈ ಕಾಲದಲ್ಲಿ ನೆಲದ ಪಂಕ್ತಿ ಸಿಕ್ಕರೆ ನನಗೆ ಎರಡು ಬಗೆಯ ಸಂತೋಷ. ಒಂದು ಊಟದ್ದು, ಇನ್ನೊಂದು ಊಟ ಮುಗಿದ ಮೇಲೆ ಜನ ಏಳುವುದನ್ನು ನೋಡುವುದು. ಮೂವತ್ತು ವರ್ಷ ಫಿಜಿಯೋಥೆರಪಿ ಕೆಲಸ ಮಾಡಿದ ಕಣ್ಣು ನನ್ನದು. ಅದು ಬೇರೆಲ್ಲಿಗೂ ಹೋಗದೆ ನೇರವಾಗಿ ಜನರ ಮಂಡಿಗೆ ಹೋಗುತ್ತದೆ.

ಮಕ್ಕಳು ಕಾಲು ಮಡಿಸಿದಲ್ಲಿಂದಲೇ ಚಿಮ್ಮಿ ಎದ್ದವು. ಎಲೆ ಎತ್ತಲು ಬಂದ ಹೆಂಗಸು ಐವತ್ತು ದಾಟಿದವಳು. ಎರಡೂ ಕೈಯಲ್ಲಿ ಎಂಜಲೆಲೆಯ ಹೊರೆ ಹಿಡಿದುಕೊಂಡೇ ಕುಕ್ಕರಗಾಲಿನಿಂದ ನೆಟ್ಟಗೆ ಎದ್ದು ನಿಂತಳು. ನನ್ನ ಸೋದರತ್ತೆಗೆ ಎಪ್ಪತ್ತಾರು. ಬಲಗೈ ನೆಲಕ್ಕೂರಿ, ಎಡಗೈ ಮಂಡಿಗೂರಿ, ‘ರಾಮಾ’ ಎನ್ನುತ್ತಾ ಎದ್ದರು. ಇಷ್ಟೂ ನನಗೆ ಹೊಸದಲ್ಲ. ಆದರೆ ಅತ್ತೆಯ ಪಕ್ಕದಲ್ಲೇ ಕೂತಿದ್ದ ಅವರ ಮಗ, ನಲವತ್ತಮೂರರ ಗಟ್ಟಿಮುಟ್ಟಾದ ಆಳು, ಅವನೂ ಥೇಟ್ ಹಾಗೇ ಎದ್ದ. ಒಂದು ಕೈ ನೆಲಕ್ಕೆ, ಒಂದು ಕೈ ಮಂಡಿಗೆ.

‘ಏನೋ, ಮಂಡಿ ನೋವಾ?’ ಎಂದೆ.

‘ಇಲ್ಲ ಅಕ್ಕಾ, ಏನೂ ಇಲ್ಲ. ಮೊನ್ನೆ ತಾನೆ ಫುಲ್ ಚೆಕಪ್ ಮಾಡಿಸಿದೀನಿ. ಎಲ್ಲಾ ನಾರ್ಮಲ್.’

ಆ ಚೆಕಪ್ಪಿನಲ್ಲಿ ಅವನ ಸಕ್ಕರೆ ಅಳೆದಿದ್ದರು, ಕೊಬ್ಬು ಅಳೆದಿದ್ದರು, ಬಿ.ಪಿ. ನೋಡಿದ್ದರು, ಎದೆಯ ಚಿತ್ರ ತೆಗೆದಿದ್ದರು. ಅವನನ್ನು ನೆಲದಿಂದ ಎಬ್ಬಿಸಬೇಕಾದ ತೊಡೆಯನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಕಾಯಿಲೆಯಿಲ್ಲದ, ನೋವಿಲ್ಲದ, ವೈದ್ಯರ ಲೆಕ್ಕದಲ್ಲಿ ಆರೋಗ್ಯವಂತರಾದವರ ತೊಡೆಯ ಬಲವನ್ನು ಯಾಕೆ ಅಳೆಯಬೇಕು, ಹೇಗೆ ಅಳೆಯಬೇಕು, ಅಳೆದಾಗ ಬಂದ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದೇ ಇವತ್ತಿನ ಮಾತು.

ಮೊದಲು ತೊಡೆಯ ಒಳಗೆ ಏನಿದೆ ನೋಡೋಣ. ಮುಂಭಾಗದಲ್ಲಿರುವುದು ಕ್ವಾಡ್ರಿಸೆಪ್ಸ್, ನಾಲ್ಕು ತಲೆಯ ದೊಡ್ಡ ಸ್ನಾಯು. ನಾಲ್ಕು ಕಡೆಯಿಂದ ಹೊರಟು ಕೆಳಗೆ ಬಂದು ಒಂದೇ ಗಟ್ಟಿ ನಾರಾಗಿ, ಮಂಡಿಚಿಪ್ಪನ್ನು ತಬ್ಬಿಕೊಂಡು, ಮೊಣಕಾಲಿನ ಕೆಳಗಿನ ಮೂಳೆಯ ಮುಂದಿರುವ ಉಬ್ಬಿಗೆ ಅಂಟಿಕೊಳ್ಳುತ್ತದೆ. ಮಡಿಸಿದ ಕಾಲನ್ನು ನೆಟ್ಟಗೆ ಮಾಡುವುದು ಇದರ ಕೆಲಸ. ಮಂಡಿಚಿಪ್ಪು ಅಲ್ಲಿ ಸುಮ್ಮನೆ ಕೂತಿಲ್ಲ. ಬಾವಿಯ ರಾಟೆ ಹಗ್ಗವನ್ನು ಗೋಡೆಗೆ ತಾಗದಂತೆ ಮುಂದಕ್ಕೆ ಹಿಡಿದಿರುತ್ತದಲ್ಲ, ಹಾಗೆ ಚಿಪ್ಪು ಈ ನಾರನ್ನು ಕೀಲಿನಿಂದ ಆಚೆಗೆ ಎತ್ತಿ ಹಿಡಿಯುತ್ತದೆ. ಆ ದೂರ ಹೆಚ್ಚಿದಷ್ಟೂ ಅದೇ ಎಳೆತಕ್ಕೆ ಹೆಚ್ಚು ತಿರುಗುಬಲ ಸಿಗುತ್ತದೆ. ಪೆಟ್ಟು ಬಿದ್ದು ಚಿಪ್ಪು ಪುಡಿಯಾಗಿ, ಅದನ್ನು ತೆಗೆಸಿಕೊಂಡವರಿಗೆ ಕಾಲು ನೀಡುವ ಬಲ ಕುಗ್ಗುವುದು ಇದೇ ಕಾರಣಕ್ಕೆ. ಹಿಂತೊಡೆಯಲ್ಲಿ ಹ್ಯಾಮ್‌ಸ್ಟ್ರಿಂಗ್ ಎಂಬ ಮೂರು ಸ್ನಾಯುಗಳ ಕಟ್ಟು ಇದೆ. ಈಗ ಕುರ್ಚಿಯಲ್ಲಿ ಕೂತು ಕೇಳುತ್ತಿರುವವರು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆಯಲು ನೋಡಿ, ಮಂಡಿಯ ಸಂದಿಯ ಎರಡೂ ಬದಿ ಬೆರಳಿಡಿ. ತಂಬೂರಿಯ ತಂತಿಯಂತೆ ಬಿಗಿದು ನಿಂತ ನಾರುಗಳು ಸಿಗುತ್ತವೆ. ಅವೇ ಹ್ಯಾಮ್‌ಸ್ಟ್ರಿಂಗ್‌ನವು. ಮಂಡಿ ಮಡಿಸುವುದು, ಓಡುವಾಗ ಮುಂದೆ ಬೀಸಿ ಬರುವ ಕಾಲಿಗೆ ಕಡಿವಾಣ ಹಾಕುವುದು ಅವುಗಳ ಕೆಲಸ.

ಕಾಲೇಜಿನಲ್ಲಿ ನಮಗೆ ಈ ಬಲವನ್ನು ಬರಿಗೈಯಿಂದ ಅಳೆಯಲು ಕಲಿಸಿದರು. ರೋಗಿ ಮಂಚದ ಅಂಚಿನಲ್ಲಿ ಕೂತು ಕಾಲು ನೀಡಬೇಕು, ನಾವು ಕಣಕಾಲಿನ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಬೇಕು. ಸ್ನಾಯು ಮಿಸುಕದಿದ್ದರೆ 0. ಮಿಸುಕಿದರೆ 1. ಮಗ್ಗುಲಾಗಿ ಮಲಗಿಸಿದಾಗ, ಭೂಮಿಯ ಸೆಳೆತದ ಅಡ್ಡಿಯಿಲ್ಲದಾಗ ಕಾಲು ಆಡಿದರೆ 2. ಸೆಳೆತದ ವಿರುದ್ಧ ಪೂರ್ತಿ ಎತ್ತಿದರೆ 3. ಸ್ವಲ್ಪ ಒತ್ತಿದರೂ ತಡೆದರೆ 4. ಎಷ್ಟು ಒತ್ತಿದರೂ ಜಗ್ಗದಿದ್ದರೆ 5. ಇದರ ಬೇರು ಕಳೆದ ಶತಮಾನದ ಎರಡನೆಯ ದಶಕದ ಬಾಸ್ಟನ್ನಿನಲ್ಲಿದೆ. ಪೋಲಿಯೋ ಬಂದು ಕಾಲು ಸೋತ ಮಕ್ಕಳ ಯಾವ ಸ್ನಾಯು ಎಷ್ಟು ಉಳಿದಿದೆ ಎಂದು ತಿಳಿಯಲು ರಾಬರ್ಟ್ ಲವೆಟ್ ಎಂಬ ಮೂಳೆವೈದ್ಯರೂ ಅವರ ಸಹಾಯಕಿ ವಿಲ್ಹೆಲ್ಮಿನ್ ರೈಟ್ ಅವರೂ ಈ ದಾರಿ ಕಂಡುಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್, ನರಕ್ಕೆ ಗಾಯವಾದ ಸೈನಿಕರಿಗಾಗಿ ಸೊನ್ನೆಯಿಂದ ಐದರ ಈ ಅಳತೆಗೋಲನ್ನು ಸ್ಥಿರಪಡಿಸಿತು. ಸೋತ ಸ್ನಾಯುವಿಗೆ ಇಂದಿಗೂ ಇಷ್ಟು ಅಗ್ಗದ, ಇಷ್ಟು ಉಪಯೋಗದ ಅಳತೆ ಇನ್ನೊಂದಿಲ್ಲ.

ಆದರೆ ಸೋಲದ ಸ್ನಾಯುವಿನ ಮುಂದೆ ಅದು ಕುರುಡು. ಇದನ್ನು ನಾನು ಕಲಿತದ್ದು ಒಬ್ಬ ಹೂ ಮಾರುವ ಹೆಂಗಸಿನಿಂದ. ನಾನು ಕೆಲಸಕ್ಕೆ ಸೇರಿದ ಹೊಸದು. ಆಕೆ ಭುಜದ ನೋವಿಗೆಂದು ಬಂದಿದ್ದರು, ಜೊತೆಗೆ ‘ಕಾಲಲ್ಲಿ ಶಕ್ತಿ ಇಲ್ಲ ಕಣಮ್ಮಾ’ ಎಂದರು. ಕಾಲು ನೀಡಿಸಿ ಒತ್ತಿದೆ. ಜಗ್ಗಲಿಲ್ಲ. ಐದಕ್ಕೆ ಐದು ಎಂದು ಬರೆದು, ‘ಕಾಲು ಚೆನ್ನಾಗಿದೆ, ಯೋಚನೆ ಬೇಡ’ ಎಂದು ಕಳಿಸಿದೆ. ಸಂಜೆ ಬಸ್ ಸ್ಟಾಪಿನಲ್ಲಿ ಅವರನ್ನೇ ಕಂಡೆ. ಬುಟ್ಟಿಯನ್ನು ಮೊದಲು ಒಳಗೆ ಇಟ್ಟು, ಎರಡೂ ಕೈಯಿಂದ ಸರಳು ಹಿಡಿದು, ತೋಳಿನಿಂದ ಮೈಯನ್ನು ಎಳೆದುಕೊಂಡು ಬಸ್ಸಿನ ಮೊದಲ ಮೆಟ್ಟಿಲು ಹತ್ತಿದರು. ಭುಜದ ನೋವು ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು. ತೊಡೆ ಮಾಡಬೇಕಾದ ಕೆಲಸವನ್ನು ಆ ತೋಳು ದಿನಕ್ಕೆ ಎಷ್ಟು ಸಲ ಮಾಡುತ್ತಿತ್ತೋ.

ನನ್ನ ಕೈ ಸುಳ್ಳು ಹೇಳಿರಲಿಲ್ಲ. ಮನುಷ್ಯನ ತೊಡೆ ಮನುಷ್ಯನ ತೋಳಿಗಿಂತ ಬಹಳ ಬಲಶಾಲಿ. ಅರ್ಧ ಬಲ ಕಳೆದುಕೊಂಡ ತೊಡೆಯೂ ನನ್ನ ತೋಳನ್ನು ಗೆಲ್ಲುತ್ತದೆ. ಹೊಲದ ಉದ್ದ ಅಳೆಯಲು ಗೇಣು ಹಿಡಿದು ಹೋದಂತೆ ಆಗಿತ್ತು ನನ್ನ ಪರೀಕ್ಷೆ. 5 ಎಂಬ ಅಂಕಿಯ ಒಳಗೆ ಗರಡಿಯ ಪೈಲ್ವಾನರೂ ಇದ್ದಾರೆ, ಬಸ್ ಹತ್ತಲಾರದವರೂ ಇದ್ದಾರೆ. ಆರೋಗ್ಯವಂತರನ್ನು ಅಳೆಯಲು ಯಂತ್ರ ಬೇಕಾದದ್ದು ಇದಕ್ಕೇ.

ಯಂತ್ರಗಳ ಕಥೆ ಹಳೆಯದು. 1798ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಎಡ್ಮ್ ರೆನ್ಯೆ ಎಂಬಾತ ಉಕ್ಕಿನ ಸ್ಪ್ರಿಂಗಿನ ಬಲಮಾಪಕವೊಂದನ್ನು ಮಾಡಿದ. ಅದು ಕೈಹಿಡಿತದ, ಸೊಂಟದ ಬಲ ಅಳೆಯುವಂಥದ್ದು. ಅದನ್ನು ಮತ್ತೆ ನೆನೆಯುತ್ತೇನೆ, ಅದರದ್ದೊಂದು ದುಃಖದ ಅಧ್ಯಾಯವಿದೆ. ತೊಡೆಯ ಮಟ್ಟಿಗೆ ಹೇಳುವುದಾದರೆ 1945 ಮುಖ್ಯವಾದ ವರ್ಷ. ಯುದ್ಧದಲ್ಲಿ ಮಂಡಿಗೆ ಪೆಟ್ಟಾದ ಅಮೆರಿಕದ ಸೈನಿಕರು ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರು. ಥಾಮಸ್ ಡಿಲಾರ್ಮ್ ಎಂಬ ಯುವ ವೈದ್ಯ ಅವರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಅದಕ್ಕೆ ತೂಕ ಸೇರಿಸುತ್ತಾ, ಸರಿಯಾಗಿ ಹತ್ತು ಸಲ ಮಾತ್ರ ಎತ್ತಲು ಆಗುವ ತೂಕ ಯಾವುದೆಂದು ಕಂಡುಹಿಡಿದು, ಅದನ್ನೇ ಬಲದ ಅಳತೆಯಾಗಿಯೂ ವ್ಯಾಯಾಮದ ಪ್ರಮಾಣವಾಗಿಯೂ ಇಟ್ಟುಕೊಂಡ. ನಮ್ಮ ಫಿಜಿಯೋಥೆರಪಿ ವಿಭಾಗಗಳಲ್ಲಿ ಕಣಕಾಲಿಗೆ ಕಟ್ಟುವ ಮರಳುಚೀಲ ಆ ಬೂಟಿನ ವಂಶದ್ದು. ಜಿಮ್ಮಿಗೆ ಹೋಗುವ ಹುಡುಗರು ಒಂದೇ ಸಲ ಎತ್ತಲಾಗುವ ಗರಿಷ್ಠ ತೂಕ ಎಂದು ಮಾತಾಡಿಕೊಳ್ಳುವುದೂ ಆ ಲೆಕ್ಕದ್ದೇ.

ತೂಕ ಎತ್ತಿಸುವುದರಲ್ಲಿ ಒಂದು ಕೊರತೆ ಉಂಟು. ಮಂಡಿಯ ಬಲ ಎಲ್ಲ ಕೋನದಲ್ಲೂ ಒಂದೇ ಅಲ್ಲ. ಪೂರ್ತಿ ಮಡಿಸಿದಾಗ ಕಡಿಮೆ, ಸುಮಾರು 60ರಿಂದ 70 ಡಿಗ್ರಿ ಮಡಿಸಿರುವಾಗ ಅತಿ ಹೆಚ್ಚು, ನೆಟ್ಟಗಾಗುವ ಹೊತ್ತಿಗೆ ಮತ್ತೆ ಕಡಿಮೆ. ನೀವು ಎತ್ತಿದ ತೂಕ ಈ ದಾರಿಯಲ್ಲಿ ಅತಿ ದುರ್ಬಲವಾದ ಜಾಗವನ್ನು ದಾಟಬಲ್ಲಷ್ಟೇ ಇರುತ್ತದೆ. ಬಲವಾದ ಜಾಗದಲ್ಲಿ ಸ್ನಾಯುವಿನ ಪೂರ್ತಿ ಸತ್ತ್ವ ಹೊರಗೆ ಬರುವುದೇ ಇಲ್ಲ. ಈ ಕೊರತೆಗೆ 1960ರ ದಶಕದಲ್ಲಿ ಅಮೆರಿಕದ ಜೇಮ್ಸ್ ಪೆರಿನ್ ಎಂಬ ಎಂಜಿನಿಯರ್ ಉತ್ತರ ಕಂಡುಕೊಂಡರು. ಫಿಜಿಯೋಥೆರಪಿಸ್ಟ್ ಹೆಲೆನ್ ಹಿಸ್ಲಪ್ ಜೊತೆ ಸೇರಿ 1967ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ತೂಕವನ್ನು ಸ್ಥಿರವಾಗಿಡುವ ಬದಲು ವೇಗವನ್ನು ಸ್ಥಿರವಾಗಿಡುವುದು, ಇಷ್ಟೇ ಅದರ ಗುಟ್ಟು. ಇದಕ್ಕೆ ಐಸೋಕೈನೆಟಿಕ್ ಎಂದು ಹೆಸರಾಯಿತು. ಎದೆಮಟ್ಟದ ನೀರಿನಲ್ಲಿ ನಡೆದವರಿಗೆ ಇದರ ಅಂದಾಜು ಸಿಗುತ್ತದೆ. ನೀವು ಮೆಲ್ಲಗೆ ಒತ್ತಿದರೆ ನೀರೂ ಮೆಲ್ಲಗೆ ತಡೆಯುತ್ತದೆ, ಜೋರಾಗಿ ನುಗ್ಗಿದರೆ ಅದೂ ಅಷ್ಟೇ ಜೋರಾಗಿ ಎದುರು ನಿಲ್ಲುತ್ತದೆ. ಈ ಯಂತ್ರದ ತೋಳೂ ಹಾಗೆ. ಸೆಕೆಂಡಿಗೆ 60 ಡಿಗ್ರಿ ಎಂದು ಕಟ್ಟಿಟ್ಟರೆ, ಭೀಮ ಒದ್ದರೂ ಅದು 60 ಡಿಗ್ರಿಯ ವೇಗದಲ್ಲೇ ಹೋಗುತ್ತದೆ, ಒದ್ದ ಬಲವನ್ನು ಪ್ರತಿ ಕೋನದಲ್ಲೂ ಬರೆದಿಟ್ಟುಕೊಳ್ಳುತ್ತದೆ.

ಈ ಯಂತ್ರದ ಕುರ್ಚಿಯಲ್ಲಿ ನಾನು ನೂರಾರು ಆರೋಗ್ಯವಂತರನ್ನು ಕೂರಿಸಿದ್ದೇನೆ. ವಿದ್ಯಾರ್ಥಿಗಳು, ಕಂಡಕ್ಟರುಗಳು, ಮೇಷ್ಟ್ರುಗಳು, ಒಬ್ಬರು ಅಡುಗೆ ಭಟ್ಟರು, ಕುಸ್ತಿಯ ಇಬ್ಬರು ಹುಡುಗರು. ಅಲ್ಲಿ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಂಕಿ ಎಲ್ಲೆಲ್ಲಿ ಜಾರುತ್ತದೆ ಎಂಬುದು ಆ ವಿವರದಲ್ಲೇ ಇದೆ.

ಮೊದಲು ಐದು ನಿಮಿಷ ಸೈಕಲ್ ತುಳಿಸಿ ಮೈ ಬಿಸಿ ಮಾಡಿಸುತ್ತೇವೆ. ಆಮೇಲೆ ಕುರ್ಚಿಗೆ ಎದೆ, ಸೊಂಟ, ತೊಡೆ ಎಲ್ಲವನ್ನೂ ಪಟ್ಟಿಯಿಂದ ಬಿಗಿಯುತ್ತೇವೆ. ಬಿಗಿಯದಿದ್ದರೆ ಜನ ಸೊಂಟ ಎತ್ತಿ ಒದೆಯುತ್ತಾರೆ, ತೊಡೆಯ ಲೆಕ್ಕಕ್ಕೆ ಬೆನ್ನಿನ ಬಲವೂ ಸೇರಿಬಿಡುತ್ತದೆ. ಯಂತ್ರದ ತಿರುಗುವ ಅಚ್ಚು ಮಂಡಿಯ ಕೀಲಿನ ನೇರಕ್ಕೇ ಬರಬೇಕು. ಹೊರಗಿನಿಂದ ಮುಟ್ಟಿದರೆ ತೊಡೆಮೂಳೆಯ ತುದಿಯಲ್ಲಿ ಒಂದು ಉಬ್ಬು ಸಿಗುತ್ತದೆ, ಅದೇ ಗುರುತು. ಕಾಲಿನ ಪಟ್ಟಿ ಎರಡು ಬೆರಳು ಮೇಲೆ ಕೆಳಗೆ ಆದರೂ ಅಂಕಿ ಕೆಡಬಹುದು. ಬೆನ್ನಿನ ಒರಗು ಎಷ್ಟಿತ್ತೆಂದು ಬರೆದಿಡಬೇಕು. ಹ್ಯಾಮ್‌ಸ್ಟ್ರಿಂಗ್ ಸೊಂಟವನ್ನೂ ಮಂಡಿಯನ್ನೂ ಎರಡನ್ನೂ ದಾಟುವ ಸ್ನಾಯುವಾದ್ದರಿಂದ ನೆಟ್ಟಗೆ ಕೂತಾಗ ಹೆಚ್ಚು ಬಲ ತೋರುತ್ತದೆ, ಅಂಗಾತ ಮಲಗಿದಾಗ ಕಡಿಮೆ. ಆಮೇಲೆ ಕಾಲನ್ನೇ ತೂಗಬೇಕು. ಮಂಡಿಯಿಂದ ಕೆಳಗಿನ ಕಾಲಿಗೂ ತೂಕವಿದೆಯಲ್ಲ. ಕಾಲು ನೀಡುವಾಗ ಅದು ಹೊರೆ, ಮಡಿಸುವಾಗ ಸಹಾಯ. ಅದನ್ನು ಕೂಡಿ ಕಳೆಯದಿದ್ದರೆ ಮುಂದೊಡೆಯನ್ನು ಬಡವ ಮಾಡಿ ಹಿಂತೊಡೆಯನ್ನು ಶ್ರೀಮಂತ ಮಾಡಿದಂತೆ.

ವೇಗವನ್ನೂ ಹೇಳದೆ ಅಂಕಿ ಹೇಳಬಾರದು. ಸ್ನಾಯು ವೇಗವಾಗಿ ಕುಗ್ಗಿದಷ್ಟೂ ಅದರ ಬಲ ಇಳಿಯುತ್ತದೆ ಎಂದು ಬ್ರಿಟನ್ನಿನ ಎ. ವಿ. ಹಿಲ್ 1938ರಲ್ಲಿ ಸಮೀಕರಣ ಬರೆದೇ ತೋರಿಸಿದ್ದರು. ಒಂದೇ ಕಾಲು ಸೆಕೆಂಡಿಗೆ 60 ಡಿಗ್ರಿಯಲ್ಲಿ ತೋರುವ ಬಲವನ್ನು 180ರಲ್ಲಿ ತೋರುವುದಿಲ್ಲ. ಅದೇ ಸ್ನಾಯು ಬಿಗಿದುಕೊಂಡೇ ಉದ್ದವಾಗುವಾಗ, ಅಂದರೆ ತಡೆಯುತ್ತಾ ಇಳಿಸುವಾಗ, ಕುಗ್ಗುವಾಗಿನದಕ್ಕಿಂತ ಹೆಚ್ಚು ಬಲ ಕೊಡುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಸೋಲುವುದು ಉಸಿರು. ಇಳಿಯುವಾಗ ನಡುಗುವುದು ಮಂಡಿ. ಇಳಿಯುವ ಒಂದೊಂದು ಮೆಟ್ಟಿಲಿಗೂ ಮುಂದೊಡೆ ಇಡೀ ಮೈಯನ್ನು ಹಗ್ಗ ಬಿಟ್ಟಂತೆ ಮೆಲ್ಲಗೆ ಇಳಿಬಿಡುತ್ತಿರುತ್ತದೆ. ಮಾರನೆಯ ದಿನದ ತೊಡೆನೋವು ಹತ್ತಿದ್ದಕ್ಕಿಂತ ಇಳಿದದ್ದರ ಬಾಕಿ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ಮೊದಲ ದಿನದ ಅಂಕಿಯನ್ನು ನಾನು ನಂಬುವುದಿಲ್ಲ. ಎರಡನೆಯ ಸಲ ಬಂದಾಗ ಅದೇ ಮನುಷ್ಯ ಹೆಚ್ಚು ಒದೆಯುತ್ತಾನೆ. ಎರಡು ದಿನದಲ್ಲಿ ಸ್ನಾಯು ಬೆಳೆದಿರುವುದಿಲ್ಲ, ಭಯ ಹೋಗಿರುತ್ತದೆ. ಅದಕ್ಕೇ ಒಂದು ದಿನ ಬರೀ ಅಭ್ಯಾಸಕ್ಕೆ ಕರೆಸಿ, ಇನ್ನೊಂದು ದಿನ ಅಳೆಯುವುದು ಒಳ್ಳೆಯ ಪದ್ಧತಿ. ಮೂರೋ ಐದೋ ಸಲ ಒದೆಸಿ, ನಡುವೆ ವಿಶ್ರಾಂತಿ ಕೊಟ್ಟು, ಅತಿ ಹೆಚ್ಚಿನದನ್ನು ಬರೆದುಕೊಳ್ಳುತ್ತೇವೆ. ಒದೆಯುವಾಗ ಪಕ್ಕದಲ್ಲಿ ನಿಂತು ಕೂಗುತ್ತೇವೆ. ‘ಒದಿ, ಒದಿ, ಇನ್ನೂ, ಬಿಡಬೇಡ!’ ಹೊರಗಿನಿಂದ ಕೇಳಿದವರಿಗೆ ಅದು ಪ್ರಯೋಗಶಾಲೆಯೋ ಕುಸ್ತಿಯ ಅಖಾಡವೋ ಎಂಬ ಅನುಮಾನ ಬರಬೇಕು. ಈ ಕೂಗು ಅಳತೆಯ ಭಾಗವೇ ಹೌದು. 1961ರಲ್ಲಿ ಇಕಾಯ್ ಮತ್ತು ಸ್ಟೈನ್‌ಹೌಸ್ ಎಂಬ ಇಬ್ಬರು, ಜನ ಪೂರ್ತಿ ಬಲ ಹಾಕಿ ತೋಳು ಎಳೆಯುವುದಕ್ಕೆ ಸ್ವಲ್ಪ ಮುಂಚೆ ಹಿಂದಿನಿಂದ ಪಿಸ್ತೂಲಿನ ಸದ್ದು ಮಾಡಿ ನೋಡಿದರು. ತಾವೇ ಕಿರುಚಿಕೊಂಡು ಎಳೆಯಲು ಹೇಳಿಯೂ ನೋಡಿದರು. ಎರಡರಲ್ಲೂ ಬಲ ಏರಿತು. ತಮ್ಮಿಂದ ಆಗುವುದು ಇಷ್ಟೇ ಎಂದು ಆ ಮಂದಿ ಮನಸಾರೆ ನಂಬಿದ್ದರು, ಅದಕ್ಕೂ ಮೇಲೆ ಸ್ವಲ್ಪ ಉಳಿದಿತ್ತು.

ಹಾಗಾದರೆ ಪೂರ್ತಿ ಬಲ ಎಂಬುದು ಎಲ್ಲಿದೆ? ಲಂಡನ್ನಿನ ಪಿ. ಎ. ಮರ್ಟನ್ 1954ರಲ್ಲಿ ಹೆಬ್ಬೆರಳಿನ ಸ್ನಾಯುವೊಂದರ ಮೇಲೆ ಇದನ್ನೇ ಕೇಳಿದರು. ಮನುಷ್ಯ ಇದ್ದ ಬಲವೆಲ್ಲ ಹಾಕಿರುವಾಗ ನರಕ್ಕೆ ಚಿಕ್ಕದೊಂದು ವಿದ್ಯುತ್ ಚುರುಕು ಕೊಟ್ಟರು. ಬಲ ಮತ್ತೂ ಜಿಗಿದರೆ ಮಿದುಳು ಸ್ವಲ್ಪ ಹಿಡಿದಿಟ್ಟಿದೆ ಎಂದರ್ಥ, ಜಿಗಿಯದಿದ್ದರೆ ಇದ್ದದ್ದೆಲ್ಲ ಹೊರಬಂದಿದೆ ಎಂದರ್ಥ. ಈ ಉಪಾಯವನ್ನು ಈಗ ತೊಡೆಯ ಮೇಲೂ ಪ್ರಯೋಗಿಸುತ್ತಾರೆ. ಇದಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು 1984ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಯಾವ ತೊಂದರೆಯೂ ಇಲ್ಲದ ಮಂಡಿಗಳ ಒಳಗೆ ಉಪ್ಪುನೀರನ್ನು ಸೂಜಿಯಿಂದ ಬಿಟ್ಟರು. 20ರಿಂದ 30 ಮಿಲಿಲೀಟರ್, ಎರಡು ದೊಡ್ಡ ಚಮಚದಷ್ಟು ನೀರು. ಅಷ್ಟಕ್ಕೇ ಮುಂದೊಡೆಯ ಒಳಬದಿಯ ಸ್ನಾಯು ನರದ ಕರೆಗೆ ಓಗೊಡುವುದು ಕಡಿಮೆಯಾಯಿತು. ಅದರ ಎರಡರಷ್ಟು ಬಿಟ್ಟಾಗ ಉಳಿದ ಸ್ನಾಯುಗಳೂ ಮಂಕಾದವು. ಸ್ನಾಯು ಅದೇ, ಮನುಷ್ಯ ಅವನೇ, ಮನಸ್ಸೂ ಇದೆ, ಆದರೂ ಊದಿದ ಕೀಲು ಸ್ನಾಯುವಿನ ಬಾಯಿ ಮುಚ್ಚಿಸುತ್ತದೆ. ಮಂಡಿ ಊದಿರುವವರಿಗೆ ‘ಕಾಲಿಗೆ ಕಸುವು ಹಾಕಿ’ ಎಂದು ಗದರುವ ಮುಂಚೆ ನಾನು ಇದನ್ನು ನೆನೆಸಿಕೊಳ್ಳುತ್ತೇನೆ.

ರೆನ್ಯೆಯ ಯಂತ್ರದ ವಿಷಯ ಹೇಳುತ್ತೇನೆಂದೆ. 1802ರ ಸುಮಾರಿಗೆ ಫ್ರಾನ್ಸಿನ ಬೊಡಾನ್ ಎಂಬ ನಾವಿಕನ ಹಡಗುಗಳು ಆಸ್ಟ್ರೇಲಿಯಾದ ಕಡೆಗೆ ಹೋಗಿದ್ದವು. ಅವುಗಳಲ್ಲಿದ್ದ ಫ್ರಾನ್ಸ್ವಾ ಪೆರೋಂ ಎಂಬ ಪ್ರಕೃತಿ ಶಾಸ್ತ್ರಜ್ಞ ಆ ಬಲಮಾಪಕವನ್ನು ಟಾಸ್ಮೇನಿಯಾದ, ಸಿಡ್ನಿಯ ಸುತ್ತಲ ಮೂಲನಿವಾಸಿಗಳ ಕೈಗೆ ಕೊಟ್ಟು ಒತ್ತಿಸಿದ. ಪರಿಚಯವಿಲ್ಲದ ಬಿಳಿಯರು, ಎಂದೂ ಕಾಣದ ಉಕ್ಕಿನ ಉಪಕರಣ. ಬಂದ ಅಂಕಿಗಳನ್ನು ಹಿಡಿದು ಆತ, ನಾಗರಿಕತೆಯಿಲ್ಲದ ಜನ ಬಲದಲ್ಲೂ ಕೀಳು ಎಂದು ಊರಿಗೆ ಹೋಗಿ ಪುಸ್ತಕ ಬರೆದ. ಅಳೆಯಿಸಿಕೊಳ್ಳುವವನ ಒಪ್ಪಿಗೆ, ನಂಬಿಕೆ, ಉತ್ಸಾಹ ಇಲ್ಲದ ಅಳತೆ ಬಲದ ಅಳತೆಯೇ ಅಲ್ಲ. ನನ್ನ ವಿದ್ಯಾರ್ಥಿಗಳಿಗೆ ಯಂತ್ರ ಮುಟ್ಟಿಸುವ ಮುಂಚೆ ಈ ಕಥೆ ಹೇಳುವುದನ್ನು ನಾನು ಎಂದೂ ಬಿಟ್ಟಿಲ್ಲ.

ಈಗ ಅಂಕಿಗೆ ಬರೋಣ. ತಿರುಗುಬಲವನ್ನು ನ್ಯೂಟನ್-ಮೀಟರಿನಲ್ಲಿ ಹೇಳುತ್ತಾರೆ. ಕುರ್ಚಿಯಲ್ಲಿ ಕೂತು ಕಾಲನ್ನು ಅಡ್ಡಡ್ಡ ನೀಡಿದಾಗ, ಮಂಡಿಯಿಂದ 30 ಸೆಂಟಿಮೀಟರ್ ದೂರದಲ್ಲಿ 10 ಕಿಲೋ ಅಕ್ಕಿಚೀಲ ತೂಗುಹಾಕಿದರೆ, ಅದನ್ನು ತಡೆಯಲು ಬೇಕಾದದ್ದು ಹತ್ತಿರಹತ್ತಿರ 30 ನ್ಯೂಟನ್-ಮೀಟರ್. ಆರೋಗ್ಯವಂತ ಯುವಕನೊಬ್ಬನ ಮುಂದೊಡೆ 60 ಡಿಗ್ರಿ ವೇಗದಲ್ಲಿ 200ರ ಆಸುಪಾಸು ತೋರುವುದುಂಟು. ಅಕ್ಕಿಯ ಲೆಕ್ಕಕ್ಕೆ ತಂದರೆ 68 ಕಿಲೋ, ಒಬ್ಬ ಆಳಿನ ತೂಕ, ಒಂದೇ ಕಾಲಿನಲ್ಲಿ. ಹೆಂಗಸರಲ್ಲಿ ಇದು ಗಂಡಸರ ಮೂರನೇ ಎರಡು ಭಾಗದಷ್ಟಿರುತ್ತದೆ, ದೇಹತೂಕಕ್ಕೆ ಭಾಗಿಸಿದಾಗ ಅಂತರ ಕುಗ್ಗುತ್ತದೆ. ಇದೇ ನಿಧಾನ ವೇಗದಲ್ಲಿ ಹಿಂತೊಡೆಯ ಬಲ ಮುಂದೊಡೆಯ ಶೇಕಡ 60ರಷ್ಟು, ವೇಗ ಏರಿದಂತೆ ಈ ಪಾಲೂ ಏರುತ್ತದೆ. ಎಡ ಬಲ ಕಾಲುಗಳ ನಡುವೆ ಶೇಕಡ 10ರಷ್ಟು ಹೆಚ್ಚುಕಡಿಮೆ ಇದ್ದರೆ ಯಾರೂ ಹೆದರಬೇಕಾಗಿಲ್ಲ. ಅದಕ್ಕಿಂತ ಹೆಚ್ಚಿದ್ದೂ ಹಾಯಾಗಿ ಓಡಾಡುವವರನ್ನು ನಾನು ಕಂಡಿದ್ದೇನೆ.

ದೇಹತೂಕಕ್ಕೆ ಭಾಗಿಸುವ ಮಾತು ಬಂತು. ಇದರಲ್ಲಿ ನಮ್ಮವರಿಗೆ ಒಂದು ಮೋಸವಿದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಕಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ಮೈಯಲ್ಲಿ 21.2. ತೆಳ್ಳಗಿದ್ದೇವೆ ಎಂದು ನಾವು ಸಮಾಧಾನಪಟ್ಟುಕೊಳ್ಳುವ ಮೈಯಲ್ಲಿ ಸ್ನಾಯುವಿನ ಜಾಗದಲ್ಲಿ ಏನಿದೆ ಎಂಬುದನ್ನು ತೂಕದ ಯಂತ್ರ ಹೇಳುವುದಿಲ್ಲ, ಪ್ಯಾಂಟಿನ ಸೈಜೂ ಹೇಳುವುದಿಲ್ಲ. ಬೇರೆ ದೇಶದ ಜನರನ್ನು ಅಳೆದು ಮಾಡಿದ ಪಟ್ಟಿಗೆ ನಮ್ಮ ತೊಡೆಯನ್ನು ಹೋಲಿಸಿ ‘ಕಡಿಮೆ’ ಎಂದು ಬರೆಯುವುದೂ ತಪ್ಪು, ‘ಪರವಾಗಿಲ್ಲ’ ಎಂದು ಬಿಡುವುದೂ ತಪ್ಪು. ನಮ್ಮ ಹೊಲದಲ್ಲಿ ನಾಟಿ ಮಾಡುವವರನ್ನು, ಕಂಪ್ಯೂಟರ್ ಮುಂದೆ ಕೂರುವವರನ್ನು, ನೆಲದಲ್ಲಿ ಕೂರುವವರನ್ನು, ಕೂರದವರನ್ನು ಬೇರೆಬೇರೆಯಾಗಿ ಅಳೆದಿಡಬೇಕು. ಆ ಕೆಲಸ ಆಗುವವರೆಗೆ ಒಬ್ಬರ ಬಲಕ್ಕೆ ನಿಜವಾದ ಹೋಲಿಕೆ ಅವರದೇ ಹಿಂದಿನ ಅಳತೆ. ಹಿಂದಿನದು ಇರಬೇಕಾದರೆ ಆರೋಗ್ಯವಾಗಿದ್ದಾಗಲೇ ಅಳೆದಿರಬೇಕು. ನಾನು ಇಷ್ಟು ಹೊತ್ತು ಹೇಳುತ್ತಿರುವುದು ಇದನ್ನೇ.

ಯಾಕೆಂದರೆ ಈ ಬಲ ಸದ್ದು ಮಾಡದೆ ಹೋಗುತ್ತದೆ. ಅಮೆರಿಕದ ಎರಡು ಊರುಗಳಲ್ಲಿ ಎಪ್ಪತ್ತರಿಂದ ಎಂಬತ್ತರೊಳಗಿನ, ಓಡಾಡಿಕೊಂಡಿದ್ದ ಹಿರಿಯರನ್ನು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಾಲಿನ ಮಾಂಸ ವರ್ಷಕ್ಕೆ ಶೇಕಡ ಒಂದರಷ್ಟು ಕರಗುತ್ತಿತ್ತು, ಕಾಲಿನ ಬಲ ಅದರ ಸುಮಾರು ಮೂರು ಪಟ್ಟು ವೇಗದಲ್ಲಿ ಇಳಿಯುತ್ತಿತ್ತು. ತೊಡೆ ನೋಡಲು ಹಾಗೇ ಇದೆ, ಒಳಗಿನ ಕಸುವು ಹೋಗಿದೆ. ಕುರ್ಚಿಯಿಂದ ಏಳಲು ಯುವಕನೊಬ್ಬ ತನ್ನ ತೊಡೆಯ ಬಲದ ಅರ್ಧವನ್ನೂ ಖರ್ಚು ಮಾಡುವುದಿಲ್ಲ. ಬಹಳ ಕೃಶರಾದ ಮುದುಕರು ಇದ್ದದ್ದೆಲ್ಲವನ್ನೂ ಸುರಿದು ಏಳುತ್ತಾರೆ. ಈ ಎರಡರ ನಡುವಿನ ದಶಕಗಳಲ್ಲಿ ಮನುಷ್ಯ ಏಳುತ್ತಲೇ ಇರುತ್ತಾನೆ, ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಉಗ್ರಾಣದ ಭತ್ತ ಕಣಜದ ತಳ ಕಾಣುವವರೆಗೆ ಊಟದ ಎಲೆಯಲ್ಲಿ ಅನ್ನ ಕಡಿಮೆಯಾಗುವುದಿಲ್ಲವಲ್ಲ, ಹಾಗೆ. ಕೈ ನೆಲಕ್ಕೆ ಹೋಗುವುದು ತಳ ಕಾಣತೊಡಗಿದಾಗ.

ತಳ ಕಂಡ ಮೇಲೂ ತುಂಬಿಸಬಹುದು ಎಂಬುದಕ್ಕೆ ಬಾಸ್ಟನ್ನಿನ ಮರಿಯಾ ಫಿಯಟರೋನ್ 1990ರಲ್ಲಿ ಪ್ರಕಟಿಸಿದ ಕೆಲಸವೇ ಸಾಕ್ಷಿ. ವೃದ್ಧಾಶ್ರಮದ ಹತ್ತು ಜನ ಹಿರಿಯರು, ವಯಸ್ಸು ತೊಂಬತ್ತರ ಆಸುಪಾಸು. ಎಂಟು ವಾರ ಮುಂದೊಡೆಗೆ ತೂಕದ ವ್ಯಾಯಾಮ ಮಾಡಿಸಿದರು. ಮೆಲುವಾದ ವ್ಯಾಯಾಮವಲ್ಲ, ಎತ್ತಲು ಆಗುವುದರ ಬಹುಪಾಲು ತೂಕ ಕಟ್ಟಿಯೇ ಮಾಡಿಸಿದ್ದು. ಪೂರ್ತಿ ಮಾಡಿದ ಒಂಬತ್ತು ಮಂದಿಯ ಬಲ ಸರಾಸರಿ ಶೇಕಡ 174 ಏರಿತು. ಮೊದಲ ದಿನವೇ ಅಳೆದು ಬರೆದಿಟ್ಟಿದ್ದರಿಂದ ಈ ಮಾತು ಹೇಳಲು ಸಾಧ್ಯವಾಯಿತು. ಇಲ್ಲದಿದ್ದರೆ ‘ಅಜ್ಜ ಈಗ ಸ್ವಲ್ಪ ಗೆಲುವಾಗಿದ್ದಾರೆ’ ಎಂದಷ್ಟೇ ಯಾರೋ ಹೇಳುತ್ತಿದ್ದರು.

ಐಸೋಕೈನೆಟಿಕ್ ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ. ಅಂಗೈಯಲ್ಲಿ ಹಿಡಿಯುವ ಬಲಮಾಪಕಗಳು ಬಂದಿವೆ. ಅವನ್ನು ಕೈಯಲ್ಲಿ ಹಿಡಿದು ಒತ್ತಿದರೆ ಮತ್ತೆ ನನ್ನ ತೋಳು ಸೋಲುವ ಹಳೆಯ ಕಥೆಯೇ. ಮಂಚದ ಕಾಲಿಗೆ ಪಟ್ಟಿ ಕಟ್ಟಿ ಅದಕ್ಕೆ ಒರಗಿಸಿದರೆ ಒಳ್ಳೆಯ ಅಂಕಿ ಕೊಡುತ್ತವೆ. ತಾಲ್ಲೂಕು ಆಸ್ಪತ್ರೆಗಳಲ್ಲಾದರೂ ಇಂಥದ್ದೊಂದು ಇರಬೇಕೆಂಬುದು ನನ್ನ ಬಹುದಿನದ ಆಸೆ.

ಅಷ್ಟರವರೆಗೆ ಮನೆಯ ಕುರ್ಚಿ ಇದೆ. ಕೈಯಿಲ್ಲದ, ಚಕ್ರವಿಲ್ಲದ, ಮಾಮೂಲು ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿ, ಪೂರ್ತಿ ಎದ್ದು ಪೂರ್ತಿ ಕೂತು, ಆದಷ್ಟು ಬೇಗ ಐದು ಸಲ. ಒಬ್ಬರು ಗಡಿಯಾರ ನೋಡಬೇಕು. ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಗೆರೆ 12 ಸೆಕೆಂಡು. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಮುಂದಿನ ಪರೀಕ್ಷೆ ಬೇಕು. ನೆಲದ್ದೂ ಒಂದಿದೆ. ಬ್ರೆಜಿಲ್‌ನ ಡಾ. ಅರಾವುಜೋ ಅವರ ತಂಡ ರೂಪಿಸಿದ ಪರೀಕ್ಷೆಯಲ್ಲಿ ನೆಲಕ್ಕೆ ಕೂತು ಏಳುವುದಕ್ಕೆ 10 ಅಂಕ. ಕೈಯೋ ಮಂಡಿಯೋ ಊರಿದ ಒಂದೊಂದು ಸಲಕ್ಕೂ ಒಂದು ಅಂಕ ಕಡಿಮೆ, ತೂರಾಡಿದರೆ ಅರ್ಧ. ಈ ಎರಡೂ ಬರೀ ತೊಡೆಯ ಬಲ ಹೇಳುವುದಿಲ್ಲ. ಸಮತೋಲ, ಕೀಲಿನ ಬಾಗುವಿಕೆ ಎಲ್ಲ ಸೇರಿದ ಲೆಕ್ಕ ಅದು. ಮಂಡಿ ನೋವಿದ್ದವರು, ಬಿ.ಪಿ. ಹತೋಟಿಯಲ್ಲಿ ಇಲ್ಲದವರು, ಈಚೆಗೆ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಮಾಡಬೇಡಿ. ಮಾಡುವಾಗ ಉಸಿರು ಬಿಗಿಹಿಡಿಯಬೇಡಿ. ವಯಸ್ಸಾದವರ ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಗೃಹಪ್ರವೇಶದ ಮಾರನೆಯ ದಿನ ನಾನು ಅತ್ತೆಯ ಮನೆಗೆ ಹೋಗಿ ಅವರನ್ನು ಕೂರಿಸಿ ಎಬ್ಬಿಸಿದೆ. 19 ಸೆಕೆಂಡು. ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾರೀಕು ಹಾಕಿ ಬರೆದೆ. ಅದರ ಕೆಳಗೆ ಅವರ ಮಗನ ಹೆಸರನ್ನೂ ಬರೆದು ಜಾಗ ಬಿಟ್ಟೆ. ‘ನಂಗ್ಯಾಕಕ್ಕಾ’ ಎಂದು ಅವನು ಫೋನ್ ಹಿಡಿದು ಹೊರಗೆ ಹೋದ. ಅತ್ತೆಗೆ ದಿನಕ್ಕೆ ಎರಡು ಹೊತ್ತು, ಅನ್ನಕ್ಕೆ ಇಟ್ಟ ಕುಕ್ಕರ್ ಕೂಗುವವರೆಗೆ, ಕುರ್ಚಿಯಿಂದ ಎದ್ದು ಕೂರುವುದನ್ನು ಹೇಳಿಕೊಟ್ಟೆ.

ಮೊನ್ನೆ ಅವರೇ ಫೋನ್ ಮಾಡಿದರು. ‘ಇವತ್ತು ಹದಿನಾಲ್ಕು ಕಣೇ. ಸೊಸೆ ಗಡಿಯಾರ ನೋಡಿದ್ಲು. ಕ್ಯಾಲೆಂಡರಿಗೆ ಬರ್ಸಿದೀನಿ.’

‘ಅವನದು?’ ಎಂದೆ.

‘ಅವಂದು ನೀನು ಬಿಟ್ಟ ಜಾಗ ಹಾಗೇ ಇದೆ. ನೀನೇ ಬಂದು ಕೂರ್ಸು ಅವನ್ನ’ ಎಂದರು. ಬರುವ ಭಾನುವಾರ ಹೋಗುತ್ತಿದ್ದೇನೆ.